ಎಲ್ಲರೂ ಚರ್ಮ ನೋಡುತ್ತಿದ್ದಾಗ ಜಾರಿದ ನಳಿಕೆ: ಒಂದು ಪಿಕ್ ಲೈನ್ ಪ್ರಕರಣ

ಹಿನ್ನೆಲೆ

ರೋಗಿ ಮಲೆನಾಡಿನ ಅಡಿಕೆ ಸೀಮೆಯ ಮಹಿಳೆ, ವಯಸ್ಸು ಐವತ್ತರ ಆಸುಪಾಸು. ಗುರುತು ಸಿಗದಂತೆ ಊರು, ವಯಸ್ಸು, ತಿಂಗಳುಗಳನ್ನು ಸ್ವಲ್ಪ ಬದಲಿಸಿದೆ. ದೊಡ್ಡ ಕರುಳಿನ ಕ್ಯಾನ್ಸರ್, ಮೂರನೇ ಹಂತ. ಆಪರೇಷನ್ ಆಗಿ ಗಾಯ ಮಾಗಿದ ಮೇಲೆ ಫೋಲ್‌ಫಾಕ್ಸ್ ಕೀಮೋ ನಿಗದಿಯಾಯಿತು. ಆಕ್ಸಾಲಿಪ್ಲಾಟಿನ್ ಮತ್ತು ಲ್ಯೂಕೋವೋರಿನ್ ಆಸ್ಪತ್ರೆಯಲ್ಲೇ ಎರಡು ಗಂಟೆಯ ಡ್ರಿಪ್, ಆಮೇಲೆ 5-ಎಫ್‌ಯು ಔಷಧಿ ಸಣ್ಣ ಬಲೂನ್ ಪಂಪ್‌ನಲ್ಲಿ 46 ಗಂಟೆ. 14 ದಿನಕ್ಕೊಂದರಂತೆ 12 ಸಲ, ಅಂದರೆ ಸುಮಾರು ಆರು ತಿಂಗಳ ಚಿಕಿತ್ಸೆ. ಪಂಪ್ ಕೊರಳಿಗೆ ನೇತುಹಾಕಿಕೊಂಡು ಮನೆಗೆ ಹೋಗಬಹುದು, ಆದರೆ ಅದಕ್ಕೆ ಗಟ್ಟಿಯಾದ ಲೈನ್, ಅಂದರೆ ದೊಡ್ಡ ರಕ್ತನಾಳದವರೆಗೆ ಹೋಗುವ ನಳಿಕೆ ಬೇಕು. ಮುಂಗೈಯ ಸಣ್ಣ ರಕ್ತನಾಳ ಈ ಔಷಧಿಗಳನ್ನು ಅಷ್ಟು ಕಾಲ ತಾಳಿಕೊಳ್ಳುವುದಿಲ್ಲ.

ಔಷಧಿ ಕೊಡಲು ಎದೆಯ ಚರ್ಮದಡಿ ಕೂರಿಸುವ ಪೋರ್ಟ್ ಎಂಬ ಪುಟ್ಟ ಸಾಧನವನ್ನು ವೈದ್ಯರು ಮೊದಲೇ ಸೂಚಿಸಿದ್ದರು. ಈಗಷ್ಟೇ ಒಂದು ಆಪರೇಷನ್ ಆಗಿದೆ, ಮತ್ತೆ ಕೊಯ್ಯುವುದು ಬೇಡ ಎಂದು ಮನೆಯವರು ಒಪ್ಪಲಿಲ್ಲ. ಹಾಗಾಗಿ ಪಿಕ್ ಲೈನ್ ಹಾಕುವುದೆಂದಾಯಿತು. ತೋಳಿನ ನಾಳದಿಂದ ಒಳಸೇರಿ, ಹೃದಯದ ಬಲಗೋಣೆಗೆ ಮೇಲ್ಭಾಗದ ಮಹಾಸಿರೆ ಕೂಡುವಲ್ಲಿ ತುದಿ ನಿಲ್ಲುವ ತೆಳು ನಳಿಕೆ ಇದು.

ಕೈ ಆರಿಸುವ ಹಂತದಲ್ಲೇ ಒಂದು ಇಕ್ಕಟ್ಟಿತ್ತು. ರೋಗಿ ಬಲಗೈ ಬಳಸುವವರು. ಎಡಗೈಯೇ ಮೇಲು ಅನಿಸಿದರೂ ಅಲ್ಟ್ರಾಸೌಂಡ್‌ನಲ್ಲಿ ಎಡತೋಳಿನ ಒಳಬದಿಯ ಬೆಸಿಲಿಕ್ ನಾಳ ಬರೀ 2.6 ಮಿ.ಮೀ. ಅಗಲ ಬಂತು, ಬಲದ್ದು 3.4 ಮಿ.ಮೀ. ನಳಿಕೆ 4 ಫ್ರೆಂಚ್ (ನಳಿಕೆಯ ದಪ್ಪದ ಅಳತೆ), ಅಂದರೆ 1.33 ಮಿ.ಮೀ. ದಪ್ಪ. ನಾಳದ ಅಗಲದ 45 ಶೇಕಡಕ್ಕಿಂತ ಹೆಚ್ಚು ಜಾಗವನ್ನು ನಳಿಕೆಯೇ ಹಿಡಿದರೆ ಸುತ್ತ ರಕ್ತ ಹರಿಯಲು ಎಡೆ ಸಾಲದೆ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಎಡದಲ್ಲಿ ಅದು 51 ಶೇಕಡ ಆಗುತ್ತಿತ್ತು, ಬಲದಲ್ಲಿ 39. ಬಲಗೈಗೇ ಹಾಕಿದರು. ಆ ನಿರ್ಧಾರ ಸರಿಯೇ. ಆದರೆ ದಿನವಿಡೀ ಕೆಲಸ ಮಾಡುವ ಕೈಗೆ ಲೈನ್ ಹೋಯಿತು ಎನ್ನುವುದನ್ನು ನಂತರದ ಆರೈಕೆಯ ಯೋಜನೆಯಲ್ಲಿ ಯಾರೂ ಬರೆದುಕೊಳ್ಳಲಿಲ್ಲ.

ಹಾಕಿದ ದಿನದ ಲೆಕ್ಕ ಹೀಗಿತ್ತು: ನಳಿಕೆ ಒಟ್ಟು 40 ಸೆಂ.ಮೀ., ಒಳಗೆ 38, ಹೊರಗೆ 2. ಮೊಣಕೈ ಮಡಿಕೆಯಿಂದ 10 ಸೆಂ.ಮೀ. ಮೇಲೆ ತೋಳಿನ ಸುತ್ತಳತೆ 26 ಸೆಂ.ಮೀ. ಹೊಲಿಗೆ ಹಾಕಿರಲಿಲ್ಲ. ನಳಿಕೆಯ ರೆಕ್ಕೆಗಳನ್ನು ಹಿಡಿಯುವ ಅಂಟು ಕ್ಲಿಪ್, ಅದರ ಮೇಲೆ ರೋಗಾಣುನಾಶಕ ಕ್ಲೋರ್‌ಹೆಕ್ಸಿಡಿನ್ ಜೆಲ್ ಇರುವ ಪಾರದರ್ಶಕ ಡ್ರೆಸ್ಸಿಂಗ್. ಎರಡನ್ನೂ 7 ದಿನಕ್ಕೊಮ್ಮೆ ಬದಲಿಸಬೇಕು. ಒಂದು ವಾರ ಕೀಮೋಗೆ ಬಂದಾಗ ಆಸ್ಪತ್ರೆಯಲ್ಲಿ, ನಡುವಿನ ವಾರ ಊರ ಹತ್ತಿರದ ಕ್ಲಿನಿಕ್‌ನಲ್ಲಿ ಬದಲಿಸುವುದೆಂದು ಮಾತಾಯಿತು.

ತೊಂದರೆ ಶುರುವಾದದ್ದು

ಲೈನ್ ಹಾಕಿದ್ದು ಆಗಸ್ಟ್ ಮೊದಲ ವಾರ, ಜಡಿಮಳೆಯ ಕಾಲ. ಮೊದಲ ತಿಂಗಳು ಏನೂ ಆಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಡ್ರೆಸ್ಸಿಂಗ್‌ನ ಅಂಚು ನಾಲ್ಕನೇ ದಿನಕ್ಕೇ ಏಳತೊಡಗಿತು.

ವಿಚಾರಿಸುತ್ತ ಹೋದಂತೆ ಕಾರಣ ಮೂರು ಸಿಕ್ಕವು. ಕೀಮೋದಿಂದ ಚರ್ಮ ಒಣಗಿ ತುರಿಸುತ್ತದೆಂದು ಅವರು ತೋಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದರು. ಡ್ರೆಸ್ಸಿಂಗ್ ಜಾಗ ಬಿಟ್ಟೇ ಹಚ್ಚಿದರೂ ಎಣ್ಣೆ ಅಂಚಿನೊಳಗೆ ಹರಿಯುತ್ತದೆ, ಎಣ್ಣೆ ಕಂಡ ಅಂಟು ನಿಲ್ಲುವುದಿಲ್ಲ. ಎರಡನೆಯದು ಬಚ್ಚಲಿನ ಹಂಡೆ ನೀರಿನ ಹಬೆ. ತೋಳಿಗೆ ಪ್ಲಾಸ್ಟಿಕ್ ಸುತ್ತಿಕೊಂಡಿದ್ದರೂ ಒಳಗೇ ಬೆವೆತು ಒದ್ದೆಯಾಗುತ್ತಿತ್ತು. ಮೂರನೆಯದು ಹೆಚ್ಚಿನವರ ಗಮನಕ್ಕೆ ಬಾರದ್ದು, ರವಿಕೆಯ ಬಿಗಿ ತೋಳು. ಪ್ರತಿದಿನ ಅದನ್ನು ಎಳೆದು ತೆಗೆಯುವಾಗ ಕ್ಲಿಪ್ಪಿನ ಮೇಲಂಚು ಸ್ವಲ್ಪ ಸ್ವಲ್ಪವೇ ಏಳುತ್ತಿತ್ತು.

ಎದ್ದ ಅಂಚಿನ ಮೇಲೆ ಮನೆಯವರು ಮೆಡಿಕಲ್ ಶಾಪಿನ ಪ್ಲಾಸ್ಟರ್ ಅಂಟಿಸಿದರು. ಅದು ಎದ್ದರೆ ಅದರ ಮೇಲೆ ಇನ್ನೊಂದು. ಹೊರಗೆ ನೋಡಲು ಭದ್ರವಾಗಿ ಕಾಣುತ್ತಿತ್ತು, ಅಡಿಯಲ್ಲಿ ತೇವ ಹಾಗೇ ಉಳಿಯುತ್ತಿತ್ತು. ಅಂಚೆದ್ದ ಡ್ರೆಸ್ಸಿಂಗಿಗೆ ತೇಪೆ ಹಾಕುವುದಲ್ಲ, ಬದಲಿಸುವುದೇ ಕ್ರಮ. ಆದರೆ ಬದಲಿಸಲು ಕ್ಲಿನಿಕ್ ಹದಿನೈದು ಕಿಲೋಮೀಟರ್ ದೂರ, ಮಳೆ ಬೇರೆ. ಮನೆಯವರದು ಅಸಡ್ಡೆ ಎನ್ನಲಾಗದು.

ಕ್ಲಿನಿಕ್‌ನಲ್ಲೂ ಎರಡು ಕೊರತೆ ಇದ್ದವು. ಅಂಟು ಕ್ಲಿಪ್ ಅಲ್ಲಿ ಸಿಗುತ್ತಿರಲಿಲ್ಲ. ಆಸ್ಪತ್ರೆಯಿಂದ ಕೊಟ್ಟು ಕಳಿಸಿದ್ದು ಮುಗಿದ ಮೇಲೆ ನಳಿಕೆಯ ಬುಡಕ್ಕೆ ಟೇಪಿನ ಪಟ್ಟಿಗಳನ್ನು ಅಡ್ಡಡ್ಡ ಕಟ್ಟಿ ಕಳಿಸುತ್ತಿದ್ದರು. ಇನ್ನೊಂದು, ಚರ್ಮ ಒರೆಸಿದ ಕ್ಲೋರ್‌ಹೆಕ್ಸಿಡಿನ್ ಆರುವ ಮುಂಚೆಯೇ ಡ್ರೆಸ್ಸಿಂಗ್ ಮುಚ್ಚುತ್ತಿದ್ದರು. ಸ್ಪಿರಿಟ್ ಸೇರಿದ 2 ಶೇಕಡದ ದ್ರಾವಣಕ್ಕೆ ಕನಿಷ್ಠ 30 ಸೆಕೆಂಡ್ ಬೇಕು. ಮಳೆಗಾಲದ ಗಾಳಿಯಲ್ಲಿ ಅಷ್ಟರಲ್ಲಿ ಆರುವುದಿಲ್ಲ, ಹೊಳಪು ಪೂರ್ತಿ ಹೋಗುವವರೆಗೆ ಕಾಯಬೇಕು. ಬಾಯಿಂದ ಊದುವುದಾಗಲಿ ಬೀಸುವುದಾಗಲಿ ಕೂಡದು, ಒರೆಸಿ ಶುಚಿ ಮಾಡಿದ ಜಾಗಕ್ಕೆ ಮತ್ತೆ ರೋಗಾಣು ಬಿದ್ದಂತೆ. ಒದ್ದೆಯಾಗಿಯೇ ಮುಚ್ಚಿದರೆ ಔಷಧಿ ಚರ್ಮದಲ್ಲೇ ಸಿಕ್ಕಿಬಿದ್ದು ಸುಡುತ್ತದೆ, ಅಂಟೂ ಹಿಡಿಯುವುದಿಲ್ಲ.

ಅಕ್ಟೋಬರ್ ಹೊತ್ತಿಗೆ ಡ್ರೆಸ್ಸಿಂಗ್ ಅಡಿ ಕೆಂಪಾಗಿ, ಒಂದೆರಡು ಕಡೆ ನೀರ್ಗುಳ್ಳೆ ಎದ್ದು, ಟೇಪಿನ ಜೊತೆ ಚರ್ಮವೂ ಕಿತ್ತುಬಂತು. ಸೋಂಕು ಎಂದುಕೊಂಡು ಕ್ಲಿನಿಕ್‌ನಲ್ಲಿ ಆ್ಯಂಟಿಬಯೋಟಿಕ್ ಮಾತ್ರೆ ಶುರು ಮಾಡಿದರು.

ಸೋಂಕೋ, ಅಂಟಿನ ಗಾಯವೋ

ಮುಂದಿನ ಸಲ ಆಸ್ಪತ್ರೆಗೆ ಬಂದಾಗ ಅಲ್ಲಿನ ಲೈನ್ ಸಿಸ್ಟರ್ (ಇಂಥ ಲೈನ್ ನೋಡಿಕೊಳ್ಳುವ ನರ್ಸ್) ಡ್ರೆಸ್ಸಿಂಗ್ ತೆಗೆದು ಮೊದಲು ನೋಡಿದ್ದು ಕೆಂಪಿನ ಆಕಾರವನ್ನು. ಡ್ರೆಸ್ಸಿಂಗಿನ ಚೌಕಟ್ಟನ್ನೇ ಬರೆದಿಟ್ಟಂತೆ ನಾಲ್ಕೂ ಬದಿ ನೇರ ಗೆರೆ, ಮೂಲೆಗಳು ಸ್ಪಷ್ಟ. ನಳಿಕೆ ಒಳಹೋಗುವ ರಂಧ್ರದ ಸುತ್ತ ಮಾತ್ರ ಚರ್ಮ ತಿಳಿಯಾಗಿತ್ತು. ಕೀವಿಲ್ಲ, ಒತ್ತಿದರೆ ನಾಳದ ಗುಂಟ ನೋವಿಲ್ಲ, ಜ್ವರವಿಲ್ಲ, ಸಲೈನ್ ತಳ್ಳಿ ಲೈನ್ ತೊಳೆದ (ಫ್ಲಶ್) ಮೇಲೆ ಚಳಿ ನಡುಕ ಬಂದದ್ದೂ ಇಲ್ಲ. ರಂಧ್ರದಿಂದ ಶುರುವಾಗಿ ಹೊರಗೆ ಹರಡಿದ ಕೆಂಪಾಗಿದ್ದರೆ ಸೋಂಕಿನ ಅನುಮಾನ ಬಲವಾಗುತ್ತಿತ್ತು. ಇದು ಅಂಟಿನಿಂದ, ಒದ್ದೆ ಔಷಧಿಯಿಂದ ಆದ ಚರ್ಮದ ಗಾಯ. ವೈದ್ಯರು ಒಪ್ಪಿ ಆ್ಯಂಟಿಬಯೋಟಿಕ್ ನಿಲ್ಲಿಸಿದರು. ಸೋಂಕೆಂದು ತಪ್ಪು ತಿಳಿದು ಲೈನ್ ಕಿತ್ತುಹಾಕುವ ಪ್ರಸಂಗಗಳು ಕಡಿಮೆಯಿಲ್ಲ, ಇಲ್ಲಿ ಅದು ತಪ್ಪಿತು.

ಚರ್ಮಕ್ಕೆ ಕೊಟ್ಟ ಆರೈಕೆ ಚೆನ್ನಾಗಿಯೇ ಇತ್ತು. ಕ್ಲೋರ್‌ಹೆಕ್ಸಿಡಿನ್ ಬಿಟ್ಟು ಪೊವಿಡೋನ್ ಅಯೋಡಿನ್ ಬಳಸಿದರು, ಅದಕ್ಕೆ ಒಂದೂವರೆಯಿಂದ ಎರಡು ನಿಮಿಷ ಆರಲು ಬಿಟ್ಟರು. ಹಸಿ ಗಾಯಕ್ಕೆ ಅಂಟಿಲ್ಲದ ಸಿಲಿಕೋನ್ ಜಾಲರಿ, ಮೇಲೆ ಸ್ಟೆರೈಲ್ ಗಾಜ್ ಬಟ್ಟೆ, ಹೊರಗೆ ಕೊಳವೆಯಾಕಾರದ ಬ್ಯಾಂಡೇಜ್. ಗಾಜ್ ಇರುವುದರಿಂದ ಎರಡು ದಿನಕ್ಕೊಮ್ಮೆ ಬದಲಾವಣೆ. ಹಳೆಯ ಅಂಟು ತೆಗೆಯುವಾಗ ಮೇಲಕ್ಕೆ ಎತ್ತಿ ಕೀಳದೆ, ಚರ್ಮವನ್ನು ಒಂದು ಬೆರಳಲ್ಲಿ ಒತ್ತಿ ಹಿಡಿದು, ಚರ್ಮಕ್ಕೆ ಸಮಾನಾಂತರವಾಗಿ ನಿಧಾನಕ್ಕೆ ಮಡಿಚಿಕೊಂಡು ಬರುವುದನ್ನು ಮನೆಯವರಿಗೂ ತೋರಿಸಿಕೊಟ್ಟರು.

ಪ್ರಕರಣ ತಿರುಗಿದ್ದು ಇಲ್ಲಿಯೇ. ಹಸಿ ಚರ್ಮದ ಮೇಲೆ ಅಂಟು ಕ್ಲಿಪ್ ಹಚ್ಚುವಂತಿಲ್ಲ ಎಂದು ಅದನ್ನು ತೆಗೆದರು. ತೆಗೆದದ್ದು ಸರಿ, ಅದರ ಜಾಗಕ್ಕೆ ಬೇರೇನನ್ನೂ ತರಲಿಲ್ಲ. ಬ್ಯಾಂಡೇಜ್ ನಳಿಕೆಯನ್ನು ಮುಚ್ಚುತ್ತದೆ, ಹಿಡಿಯುವುದಿಲ್ಲ. ಕೈಯಲ್ಲಿದ್ದ ದಾರಿಗಳು ಎರಡು. ಹೊಲಿಗೆ ಹಾಕಬಹುದಿತ್ತು, ಆದರೆ ಹೊಲಿಗೆಯ ರಂಧ್ರಗಳೇ ರೋಗಾಣುಗಳಿಗೆ ಬಾಗಿಲಾಗುತ್ತವೆ, ಹಾಕುವವರಿಗೆ ಸೂಜಿ ಚುಚ್ಚುವ ಅಪಾಯವಿದೆ, ಗಾಯವಾದ ಚರ್ಮದಲ್ಲಿ ಹೊಲಿಗೆ ಹರಿದುಬರುತ್ತದೆ. ಬೇಡವೆಂದರು. ಇನ್ನೊಂದು ಚರ್ಮದಡಿಯ ಲಂಗರು. ನಳಿಕೆ ಒಳಹೋಗುವ ಅದೇ ರಂಧ್ರದಿಂದ ಎರಡು ಪುಟ್ಟ ಲೋಹದ ಕಾಲುಗಳು ಚರ್ಮದ ಕೆಳಗೆ ಹೋಗಿ ಅಗಲಿಸಿ ಕೂರುತ್ತವೆ, ಮೇಲಿನ ಮುಚ್ಚಳ ನಳಿಕೆಯನ್ನು ಕಚ್ಚಿ ಹಿಡಿಯುತ್ತದೆ. ಅಂಟೇ ಬೇಡ, ವಾರಕ್ಕೊಮ್ಮೆ ಬದಲಿಸುವುದೂ ಇಲ್ಲ, ಲೈನ್ ಇರುವವರೆಗೂ ಅದೇ ಇರುತ್ತದೆ. ವೈದ್ಯಕೀಯ ಮಾರ್ಗದರ್ಶಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2017ರ ಮಾರ್ಗದರ್ಶಿಯಲ್ಲಿ, 15 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಇರಬೇಕಾದ ಪಿಕ್ ಲೈನ್‌ಗಳಿಗೆ ಸೆಕ್ಯೂರಕ್ಯಾತ್ ಎಂಬ ಇಂಥ ಲಂಗರನ್ನು ಪರಿಗಣಿಸಬೇಕೆಂದು ಹೇಳಿದೆ. ಆಸ್ಪತ್ರೆಯ ಸ್ಟಾಕಿನಲ್ಲಿ ಅದಿರಲಿಲ್ಲ. ತರಿಸಲು ಹೇಳಿ, ಬರುವವರೆಗೆ ಬ್ಯಾಂಡೇಜ್‌ನಲ್ಲೇ ಮನೆಗೆ ಕಳಿಸಿದರು.

ಜಾರಿದ್ದು

ಒಂಬತ್ತು ದಿನದ ಮೇಲೆ ಬಂದಾಗ ಚರ್ಮ ಅರ್ಧದಷ್ಟು ಮಾಗಿತ್ತು. ನಳಿಕೆ 7 ಸೆಂ.ಮೀ. ಹೊರಗಿತ್ತು.

ನಡುವೆ ಕ್ಲಿನಿಕ್‌ನಲ್ಲಿ ನಾಲ್ಕು ಸಲ ಡ್ರೆಸ್ಸಿಂಗ್ ಆಗಿತ್ತು. ಪುಸ್ತಕದಲ್ಲಿ ನಾಲ್ಕೂ ಸಲ ‘ಡ್ರೆಸ್ಸಿಂಗ್ ಮಾಡಲಾಯಿತು, ಗಾಯ ಸುಧಾರಣೆ’ ಎಂದಷ್ಟೇ ಇತ್ತು. ನಳಿಕೆಯ ಮೇಲೆ ಸೆಂಟಿಮೀಟರ್ ಗೆರೆಗಳು ಅಚ್ಚಾಗಿಯೇ ಇರುತ್ತವೆ, ಎಣಿಸಿದರೆ ಸಾಕಿತ್ತು. ಎಣಿಸದ ಕಾರಣ ಒಂದೇ ಸಲ ಐದು ಸೆಂಟಿಮೀಟರ್ ಬಂತೋ, ದಿನಕ್ಕಿಷ್ಟು ಬಂತೋ ಗೊತ್ತಾಗುವ ಹಾಗಿರಲಿಲ್ಲ.

ಸಿಸ್ಟರ್ ದಿನಚರಿ ಕೇಳಿದರು. ಭಾರ ಎತ್ತಿದಿರಾ ಎಂದರೆ ಇಲ್ಲ. ಬಿದ್ದಿರಾ, ಇಲ್ಲ. ಸಂಜೆ ಹೊತ್ತು ಏನು ಮಾಡುತ್ತೀರಿ ಎಂದಾಗ ಉತ್ತರ ಬಂತು: ‘ಅಡಿಕೆ ಸುಲಿಯೋಕೆ ಕೂರ್ತೀನಿ ಸಿಸ್ಟರ್. ಕೂತಲ್ಲೇ ಮಾಡೋ ಕೆಲಸ ಅಲ್ವಾ, ಎತ್ತೋದು ಇಳಿಸೋದು ಏನೂ ಇಲ್ಲ.’ ನವೆಂಬರ್ ಹತ್ತಿರವಾಗಿ ಕೊಯ್ಲು ಶುರುವಾಗಿತ್ತು. ಮೆಟ್ಟುಗತ್ತಿಯ ಮುಂದೆ ಕೂತು ಬಲಗೈಯಲ್ಲಿ ಕಾಯಿ ಒತ್ತಿ ಸಿಪ್ಪೆ ಬಿಡಿಸುವಾಗ ಮೊಣಕೈ ನೂರಾರು ಸಲ ಮಡಿಚಿ ಬಿಡಿಸಿ ಆಗುತ್ತದೆ, ತೋಳಿನ ಸ್ನಾಯು ಬಿಗಿದು ಸಡಿಲುತ್ತದೆ. ಹಿಡಿತವಿಲ್ಲದ ನಳಿಕೆ ಪ್ರತಿ ಸಲವೂ ಕೂದಲೆಳೆಯಷ್ಟು ಹಿಂದೆ ಮುಂದೆ ಆಡುತ್ತದೆ. ಹೊರಬಂದದ್ದನ್ನು ಬ್ಯಾಂಡೇಜ್ ಅಲ್ಲೇ ಒತ್ತಿಹಿಡಿಯುವುದರಿಂದ ಅದು ಮತ್ತೆ ಒಳಗೆ ಹೋಗುವುದಿಲ್ಲ.

ಅವರು ಹೇಳಿದ ಮಾತನ್ನು ಮೀರಿರಲಿಲ್ಲ. ಕೊಟ್ಟಿದ್ದ ಸೂಚನೆ ‘ಭಾರ ಎತ್ತಬೇಡಿ’ ಎಂದಿತ್ತು. ಒಂದೇ ಚಲನೆಯನ್ನು ಗಂಟೆಗಟ್ಟಲೆ ಮಾಡಬೇಡಿ ಎಂದು ಯಾರೂ ಹೇಳಿರಲಿಲ್ಲ. ಈ ಸೀಮೆಯಲ್ಲಿ ಸುಲಿತ, ಬೇರೆ ಕಡೆ ಬೀಡಿ ಕಟ್ಟುವುದು, ರೊಟ್ಟಿ ಬಡಿಯುವುದು, ಒಗೆಯುವುದು. ಭಾರವಿಲ್ಲದ ಇಂಥ ಕೆಲಸಗಳನ್ನು ಹೆಸರು ಹಿಡಿದೇ ಕೇಳಬೇಕು.

ಆ ದಿನದ ತೀರ್ಮಾನಗಳು

ಆವತ್ತೇ ಕೀಮೋ ಇತ್ತು. ಹೊರಬಂದ ಭಾಗವನ್ನು ಒಳಗೆ ತಳ್ಳಿಬಿಡೋಣ ಎಂಬ ಯೋಚನೆ ಯಾರಿಗಾದರೂ ಬರುತ್ತದೆ. ಅದನ್ನು ಯಾವ ಕಾರಣಕ್ಕೂ ಮಾಡಬಾರದು. ಹೊರಗಿದ್ದ ನಳಿಕೆಯ ಮೈಮೇಲೆ ಚರ್ಮದ ರೋಗಾಣುಗಳಿರುತ್ತವೆ, ತಳ್ಳಿದರೆ ಅವು ನೇರ ರಕ್ತಕ್ಕೆ ಹೋಗುತ್ತವೆ.

ಎಕ್ಸ್‌ರೇ ತೆಗೆದರು. ತೋಳು ಎತ್ತಿ ಇಳಿಸಿದರೆ ತುದಿಯೂ ಎದೆಯೊಳಗೆ ಜರುಗುತ್ತದೆ, ಆದ್ದರಿಂದ ಮೊದಲ ಎಕ್ಸ್‌ರೇಯಲ್ಲಿ ಇದ್ದ ಭಂಗಿಯಲ್ಲೇ ಕೈ ಇಟ್ಟು ತೆಗೆದರೆ ಮಾತ್ರ ಹೋಲಿಸಬಹುದು. ತುದಿ ಮಹಾಸಿರೆಯ ಮೇಲಿನ ಮೂರನೇ ಒಂದು ಭಾಗಕ್ಕೆ ಏರಿತ್ತು. 10 ಮಿ.ಲೀ. ಸಿರಿಂಜ್‌ನಲ್ಲಿ ಹಿಂದೆಳೆದಾಗ ರಕ್ತ ಬಂತು, ತಡವರಿಸಿ ಬಂತು. ತೋಳಿನ ಸುತ್ತಳತೆ 26ರಿಂದ 27.5 ಆಗಿತ್ತು. 3 ಸೆಂ.ಮೀ. ಏರಿ ಊತವೂ ಇದ್ದರೆ ಹೆಪ್ಪಿನ ಅನುಮಾನ ಬಲವಾಗುತ್ತದೆ. ಇಲ್ಲಿ ಅಷ್ಟಿರದಿದ್ದರೂ ನಾಳದೊಳಗಿನ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿದರು. ಹೆಪ್ಪು ಕಾಣಲಿಲ್ಲ.

ರಕ್ತ ಬರುತ್ತಿದೆಯಲ್ಲ, ಈ ಸಲದ್ದು ಇದರಲ್ಲೇ ಕೊಟ್ಟುಬಿಡಬಹುದಲ್ಲವೇ ಎಂಬ ಪ್ರಶ್ನೆ ಬಂತು. ತಂಡ ಬೇಡವೆಂದಿತು, ಈ ಪ್ರಕರಣದ ಅತ್ಯುತ್ತಮ ನಿರ್ಧಾರ ಅದೇ. ಹಿಡಿತವಿಲ್ಲದ ಲೈನ್ ಈಗಾಗಲೇ 5 ಸೆಂ.ಮೀ. ಜಾರಿದೆ. 46 ಗಂಟೆ ಮನೆಯಲ್ಲಿ ಪಂಪ್ ಓಡುವಾಗ ಇನ್ನಷ್ಟು ಜಾರಿದರೆ ನೋಡುವವರಿಲ್ಲ. ಎಕ್ಸ್‌ರೇ ಹೇಳುವುದು ತೆಗೆದ ಗಳಿಗೆಯ ಸಂಗತಿಯನ್ನು ಮಾತ್ರ. ಲೈನ್ ಬಿಟ್ಟು 5-ಎಫ್‌ಯು ಬದಲು ಕ್ಯಾಪೆಸಿಟಬಿನ್ ಮಾತ್ರೆಗೆ ಹೋಗುವುದನ್ನೂ ಕೀಮೋ ವೈದ್ಯರು ತೂಗಿನೋಡಿದರು. ಕಿಡ್ನಿಯ ಕೆಲಸ ಅಂಚಿನಲ್ಲಿದ್ದುದರಿಂದ ಅದನ್ನು ಕೈಬಿಟ್ಟರು.

ಉಳಿದದ್ದು ಹಳೆಯ ನಳಿಕೆಯೊಳಗೆ ತೆಳು ತಂತಿ (ಗೈಡ್‌ವೈರ್) ತೂರಿಸಿ, ಅದರ ಮೇಲೆ ಹೊಸ ನಳಿಕೆ ಬದಲಿಸುವುದು. ಎಡನಾಳ ಸಣ್ಣದು, ಬಲನಾಳವನ್ನು ಕಳೆದುಕೊಳ್ಳುವಂತಿಲ್ಲ. ಆದರೆ ರಂಧ್ರದ ಪಕ್ಕದಲ್ಲೇ ಹಸಿ ಗಾಯವಿರುವಾಗ ಬದಲಿಸಿದರೆ ಸೋಂಕನ್ನು ಕೈಯಾರೆ ಒಳಗೆ ಕಳಿಸಿದಂತೆ. ಕೀಮೋ ಒಂದು ವಾರ ಮುಂದೂಡಿ, ರೋಗಿಯನ್ನು ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಯಲ್ಲಿ ಉಳಿಸಿಕೊಂಡರು. ಹಳೆಯ ಲೈನ್‌ಗೆ ಫ್ಲಶ್ ಬಿಟ್ಟು ಬೇರೇನೂ ಕೊಡಲಿಲ್ಲ. ಈ ಸಲ ನಳಿಕೆಯನ್ನು ಬರಿದೇ ಬಿಡಲಿಲ್ಲ. ಗಾಯದಿಂದ ಆಚೆ, ಗಟ್ಟಿ ಚರ್ಮ ಇದ್ದ ಮುಂಗೈ ಕಡೆಗೆ ನಳಿಕೆಯ ಬಾಲವನ್ನು ಇಂಗ್ಲಿಷಿನ ಸಿ ಆಕಾರದಲ್ಲಿ ಬಳಸಿ, ಸಿಲಿಕೋನ್ ಅಂಟಿನ ಪಟ್ಟಿಯಿಂದ ಕಟ್ಟಿದರು. ಬಳಸಿದ ಬಾಲ ಎಳೆತವನ್ನು ತಾನು ನುಂಗಿಕೊಳ್ಳುತ್ತದೆ, ರಂಧ್ರದವರೆಗೆ ಬಿಡುವುದಿಲ್ಲ. ಒಂಬತ್ತು ದಿನದ ಹಿಂದೆಯೂ ಇದನ್ನೇ ಮಾಡಬಹುದಿತ್ತು. ಖರ್ಚು ಏನೂ ಇರಲಿಲ್ಲ.

ಬದಲಾವಣೆ ಮತ್ತು ಫಲ

ಆರನೇ ದಿನ ಚರ್ಮ ಒಣಗಿತು. ಲಂಗರೂ ಬಂದಿತ್ತು. ಅದರ ಕಾಲುಗಳು ನಿಟಿನಾಲ್, ಅಂದರೆ ನಿಕ್ಕಲ್ ಮತ್ತು ಟೈಟೇನಿಯಂ ಬೆರೆತ ಲೋಹ. ‘ನಿಕ್ಕಲ್ ಅಲರ್ಜಿ ಇದೆಯಾ’ ಎಂದು ಕೇಳಿದರೆ ಯಾರಿಗೂ ಉತ್ತರ ತಿಳಿಯದು. ಸಿಸ್ಟರ್ ಕೇಳಿದ್ದು ಹೀಗೆ: ‘ಒಂದು ಗ್ರಾಂ ಗೋಲ್ಡ್ ಓಲೆ, ಪೇಟೆ ಬಳೆ ಹಾಕಿದ್ರೆ ಕಿವಿ, ಕೈ ತುರಿಸುತ್ತಾ ಅಕ್ಕ? ನೀರು ಸೋರುತ್ತಾ?’ ಅಂಥದ್ದೇನೂ ಇರಲಿಲ್ಲ.

ಗೈಡ್‌ವೈರ್ ಮೇಲೆ ಅದೇ 4 ಫ್ರೆಂಚ್ ನಳಿಕೆ, ಒಳಗೆ 38, ಹೊರಗೆ 2. ತುದಿಯ ಜಾಗ ಎಕ್ಸ್‌ರೇಯಲ್ಲಿ ಖಾತ್ರಿಯಾಯಿತು. ಲಂಗರು ಕೂರಿಸಿ, ರಂಧ್ರದ ಬಾಯಿಗೆ ವೈದ್ಯಕೀಯ ಸಯನೋಆಕ್ರಿಲೇಟ್ ಅಂಟಿನ ಒಂದು ಹನಿ ಬಿಟ್ಟರು. ಬದಲಿಸಿದ ಲೈನ್‌ನಲ್ಲಿ ಮೊದಲ ದಿನ ರಕ್ತ ಜಿನುಗುವುದು ಹೆಚ್ಚು, ಅದು ನಿಂತರೆ ಡ್ರೆಸ್ಸಿಂಗ್ ಮರುದಿನವೇ ಕೀಳಬೇಕಾಗಿಲ್ಲ. ಮೇಲೆ ಸಿಲಿಕೋನ್ ಅಂಚಿನ ಪಾರದರ್ಶಕ ಡ್ರೆಸ್ಸಿಂಗ್, ಅದರಡಿ ಚರ್ಮಕ್ಕೆ ರಕ್ಷಣಾ ಫಿಲ್ಮ್. ಕ್ರಮ ಮುಖ್ಯ: ಮೊದಲು ಆ್ಯಂಟಿಸೆಪ್ಟಿಕ್, ಅದು ಆರಿದ ಮೇಲೆ ಫಿಲ್ಮ್, ಫಿಲ್ಮೂ ಆರಿದ ಮೇಲೆ ಡ್ರೆಸ್ಸಿಂಗ್. ಪಂಪಿನ ಟ್ಯೂಬಿಗೆ ಬೇರೆಯದೇ ಪಟ್ಟಿ, ಚೀಲ ಜಾರಿದರೆ ಎಳೆತ ಆ ಪಟ್ಟಿಗೇ ಬೀಳುವಂತೆ.

ಮೂರು ದಿನ ಲಂಗರಿನ ಜಾಗದಲ್ಲಿ ನೋವಿತ್ತು, ಪ್ಯಾರಾಸಿಟಮಾಲ್‌ಗೆ ತಗ್ಗಿತು. ಡ್ರೆಸ್ಸಿಂಗ್ ವೇಳೆ ಲಂಗರನ್ನು ತಿರುಚಿದರೆ ಮಾತ್ರ ಚುಚ್ಚುತ್ತಿತ್ತು. ಅದನ್ನು ನಳಿಕೆಯ ಸಮೇತ ಮೆಲ್ಲಗೆ ಎತ್ತಿ ಅಡಿಭಾಗವನ್ನೂ ಸುತ್ತಲೂ ಒರೆಸಬಹುದು, ಅಂಟು ಕ್ಲಿಪ್‌ನಲ್ಲಿ ಈ ಅನುಕೂಲವಿಲ್ಲ. ಕೊಬ್ಬರಿ ಎಣ್ಣೆ ಎಡಗೈಗೆ ಮಾತ್ರ ಎಂದಾಯಿತು. ರವಿಕೆಯ ಬಲತೋಳನ್ನು ದರ್ಜಿಯ ಹತ್ತಿರ ಬಿಚ್ಚಿಸಿ ಗುಂಡಿ ಇಡಿಸಿದರು. ಬಟ್ಟೆ ಹಾಕುವಾಗ ಲೈನ್ ಇರುವ ಕೈ ಮೊದಲು, ತೆಗೆಯುವಾಗ ಆ ಕೈ ಕೊನೆಗೆ. ಸುಲಿತಕ್ಕೆ ಆ ವರ್ಷ ಕೂಲಿಯವರನ್ನು ಕರೆದರು.

ಕ್ಲಿನಿಕ್‌ಗೆ ಕನ್ನಡದಲ್ಲಿ ಒಂದು ಕಾರ್ಡ್ ಹೋಯಿತು. ಪ್ರತಿ ಡ್ರೆಸ್ಸಿಂಗಿಗೂ ಅದರಲ್ಲಿ ನಾಲ್ಕು ಕಲಂ ತುಂಬಬೇಕು: ಹೊರಗೆ ಎಷ್ಟು ಸೆಂ.ಮೀ., ತೋಳಿನ ಸುತ್ತಳತೆ, ರಕ್ತ ಹಿಂದೆ ಬಂತೇ, ರಂಧ್ರದ ಸುತ್ತ ಚರ್ಮ ಹೇಗಿದೆ. ಜೊತೆಗೆ ಅಳತೆಪಟ್ಟಿ ಇಟ್ಟು ತೆಗೆದ ಒಂದು ಫೋಟೋ, ಮುಖ ಮತ್ತು ಹೆಸರು ಕಾಣದಂತೆ, ಲೈನ್ ಸಿಸ್ಟರ್‌ಗೆ. 2 ಇದ್ದದ್ದು 3 ಆದರೆ ಫೋನ್, 4 ಆದರೆ ಔಷಧಿ ನಿಲ್ಲಿಸಿ ಎಕ್ಸ್‌ರೇ ಎಂಬುದು ಈ ತಂಡ ತನಗೆ ಹಾಕಿಕೊಂಡ ಗೆರೆ. ಮುಂದಿನ ಎಲ್ಲ ವಾರಗಳಲ್ಲೂ ಆ ಕಲಮಿನಲ್ಲಿ 2 ಎಂದೇ ಬಂತು. ಹನ್ನೆರಡರಲ್ಲಿ ಉಳಿದಿದ್ದ ಕೀಮೋಗಳೆಲ್ಲ ಅದೇ ಲೈನ್‌ನಲ್ಲಿ ಮುಗಿದವು.

ಬೇರೆ ತಂಡಗಳಿಗೆ ಉಪಯೋಗವಾಗುವುದು

ಇಲ್ಲಿ ಲೈನ್ ಕೆಟ್ಟದ್ದು ಚರ್ಮದ ಗಾಯದಿಂದ ಅಲ್ಲ. ಗಾಯಕ್ಕೆ ಚಿಕಿತ್ಸೆ ನಡೆಯುತ್ತಿದ್ದಾಗ ನಳಿಕೆ ಹಿಡಿಯುವ ಹೊಣೆ ಯಾರದೂ ಅಲ್ಲದೆ ಹೋಯಿತು. ಯಾವ ಕಾರಣಕ್ಕೇ ಆಗಲಿ ಒಂದು ಹಿಡಿತ ತೆಗೆಯುವ ಮುಂಚೆ, ಮುಂದಿನ ಹಿಡಿತ ಯಾವುದು, ಈಗ ಕೈಯಲ್ಲಿದೆಯೇ ಎಂದು ಬರೆದುಕೊಳ್ಳುವುದು ಕಡ್ಡಾಯವಾಗಬೇಕು. ತರಿಸಬೇಕಾದ ವಸ್ತುವಾದರೆ ಅದು ಬರುವವರೆಗಿನ ತಾತ್ಕಾಲಿಕ ವ್ಯವಸ್ಥೆಯೂ ಅದೇ ಸಾಲಿನಲ್ಲಿ ಇರಬೇಕು.

ಲಂಗರು ಎಲ್ಲರಿಗೂ ಬೇಕೆಂದಿಲ್ಲ. ಬೆಲೆ ಹೆಚ್ಚು, ಕೂರಿಸಲು ಕಲಿತವರು ಬೇಕು, ತೆಗೆಯಲೂ ಬೇಕು. ತಿಂಗಳುಗಟ್ಟಲೆ ಲೈನ್, ಬೆವರು ಅಥವಾ ಗಾಯದ ಚರ್ಮ, ಕೆಲಸದ ಕೈ, ದೂರದ ಊರು ಇವುಗಳಲ್ಲಿ ಎರಡು ಕೂಡಿದರೂ ಮೊದಲ ದಿನವೇ ಯೋಚಿಸುವುದು ಒಳ್ಳೆಯದು. ಪದೇ ಪದೇ ಬದಲಿಸುವ ಡ್ರೆಸ್ಸಿಂಗ್, ಕ್ಲಿಪ್, ಒಂದು ಹೊಸ ಲೈನ್, ಮುಂದೂಡಿದ ಕೀಮೋ ಇವೆಲ್ಲದರ ಖರ್ಚು ಸೇರಿಸಿ ನೋಡಿದರೆ ಬೆಲೆಯ ಮಾತು ಬೇರೆಯೇ ಆಗುತ್ತದೆ. ಪೋರ್ಟ್ ಬೇಡವೆಂದ ಕುಟುಂಬಕ್ಕೆ ಪಿಕ್ ಲೈನ್‌ನ ವಾರವಾರದ ಕೆಲಸ ಏನೆಂಬುದನ್ನೂ ಆವತ್ತೇ ಬಿಡಿಸಿ ಹೇಳಬೇಕಿತ್ತು.

ರೋಗಿಯನ್ನು ನಡುವಿನ ವಾರಕ್ಕೆ ಊರ ಕ್ಲಿನಿಕ್‌ಗೆ ಕಳಿಸುವ ಆಸ್ಪತ್ರೆ ಬರೀ ಚೀಟಿ ಕಳಿಸಿದರೆ ಸಾಲದು. ಮೂರು ಬದಲಾವಣೆಗೆ ಸಾಕಾಗುವಷ್ಟು ಡ್ರೆಸ್ಸಿಂಗ್ ಮತ್ತು ಕ್ಲಿಪ್, ಸ್ಟೆರೈಲ್ ಗ್ಲೌಸ್, ಆ್ಯಂಟಿಸೆಪ್ಟಿಕ್, ರಕ್ಷಣಾ ಫಿಲ್ಮ್, ಸೂಜಿಯಿಲ್ಲದ ಕನೆಕ್ಟರ್, 10 ಮಿ.ಲೀ. ಸಿರಿಂಜ್, ಸಲೈನ್, ಕಾಗದದ ಅಳತೆಪಟ್ಟಿ ಇಷ್ಟನ್ನು ಒಂದು ಪೊಟ್ಟಣ ಕಟ್ಟಿ ರೋಗಿಯ ಕೈಗೇ ಕೊಡಬೇಕು. ಸಿರಿಂಜ್ 10ಕ್ಕಿಂತ ಚಿಕ್ಕದಾಗಬಾರದು, ಚಿಕ್ಕದರಲ್ಲಿ ಒತ್ತಡ ಹೆಚ್ಚಿ, ಕಟ್ಟಿಕೊಂಡ ನಳಿಕೆ ಒಡೆಯಬಹುದು. ಫ್ಲಶ್ ಸ್ವಲ್ಪ ತಳ್ಳಿ, ನಿಲ್ಲಿಸಿ, ಮತ್ತೆ ತಳ್ಳಿ ಮಾಡಬೇಕು. ಲೈನ್ ತೆಗೆಯುವ ದಿನ ಲಂಗರಿನ ಮುಚ್ಚಳ ಬಿಚ್ಚಿ ಮೊದಲು ನಳಿಕೆ ಹೊರತೆಗೆದು ಒತ್ತಿ ಹಿಡಿಯಬೇಕು. ಆಮೇಲೆ ಲಂಗರಿನ ಬುಡವನ್ನು ಕತ್ತರಿಯಿಂದ ಎರಡು ಹೋಳು ಮಾಡಿ, ಒಂದೊಂದೇ ಕಾಲನ್ನು ಅಡ್ಡಲಾಗಿ ಸರಕ್ಕನೆ ಎಳೆಯಬೇಕು. ಹೊರಬಂದ ನಳಿಕೆಯನ್ನು ಅಳೆದು, ಹಾಕಿದ ದಿನ ಬರೆದಿಟ್ಟ ಉದ್ದಕ್ಕೆ ತಾಳೆ ನೋಡಿಯೇ ಫೈಲ್ ಮುಚ್ಚಬೇಕು. ಇಲ್ಲಿ 40 ಸೆಂ.ಮೀ. ಪೂರ್ತಿ ಬಂತು.